ಹೆಡ್ಲಿ ಒಪ್ಪಿದ ಉಳಿ

ಶೆಫೀಲ್ಡಿನ ಗುಡ್ಡದ ಮೇಲಿನ ನಮ್ಮ ಬೀದಿಗಳಲ್ಲಿ ಮರ ಕಡೆಯುವ ಹುಚ್ಚು ಹತ್ತಿದವರು ಮೊದಲು ಹೆಂಡತಿಯನ್ನು ಕೇಳುತ್ತಿರಲಿಲ್ಲ, ಹೆಡ್ಲಿ ಸ್ಟ್ಯಾನಿಫರ್ತನನ್ನು ಕೇಳುತ್ತಿದ್ದರು. ಹೆಂಡತಿಯನ್ನು ಕೇಳಿದರೆ ಮರ ತಿರುಗಿಸುವ ಲೇತು ಯಂತ್ರವೇ ಬೇಡ ಅನ್ನುತ್ತಾಳೆ. ಹೆಡ್ಲಿ ಅಷ್ಟು ಕಟುಕನಲ್ಲ. ಲೇತು ಇರಲಿ, ಆದರೆ ನೀನು ತಂದಿರುವ ಉಳಿಯನ್ನು ಮಾತ್ರ ಹೊಳೆಗೆ ಎಸೆದು ಬಾ ಅನ್ನುತ್ತಿದ್ದ.

ಬಟ್ಟಲು ಕಡೆಯಲು ಬೇಕಾದ ಉಳಿಯೆಂದರೆ ದುಂಡನೆಯ ಉಕ್ಕಿನ ಸರಳು, ಅದರ ಉದ್ದಕ್ಕೆ ದೋಣಿಯ ಹಾಗೆ ತೋಡಿದ ಹಳ್ಳ. ನೋಡುವುದಕ್ಕೆ ಎಲ್ಲವೂ ಒಂದೇ ಥರ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಮರಕ್ಕೆ ಬೀಳುತ್ತದೆ. ಹೆಡ್ಲಿ ಉಳಿಯ ಮೇಲಿನ ಹೆಸರನ್ನು ಎಂದೂ ಓದಿದವನಲ್ಲ. ಹಳ್ಳದೊಳಗೆ ಹೆಬ್ಬೆರಳು ಇಟ್ಟು ಉದ್ದಕ್ಕೆ ಎಳೆಯುತ್ತಿದ್ದ, ಸಾಣೆಗೆ ಒಂದು ಸಲ ಮುಟ್ಟಿಸಿ ಕಿಡಿ ನೋಡುತ್ತಿದ್ದ, ಆಮೇಲೆ ಒಂದು ಒಣ ಮರದ ತುಂಡಿನ ಮೇಲೆ ಆಡಿಸಿ ಕಿವಿಗೊಡುತ್ತಿದ್ದ. ಯಾರಾದರೂ ಮರದ ಪೆಟ್ಟಿಗೆಯಲ್ಲಿ ಎಂಟು ಉಳಿ ಜೋಡಿಸಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಹೆಮ್ಮೆಯಿಂದ ತಂದರೆ, "ಪೆಟ್ಟಿಗೆ ಚೆನ್ನಾಗಿದೆ ಕಣಪ್ಪ, ಉಳಿ ಎಲ್ಲಾ ಬಿಸಾಕಿ ಚಮಚ ಇಟ್ಕೋ" ಅನ್ನುತ್ತಿದ್ದ. "ಎಂಟು ಯಾಕೋ? ನಿನಗೇನು ಎಂಟು ಕೈಯಾ? ಒಂದೇ ಒಂದು ತಗೋ. ಹಿಡಿ ಇಲ್ಲದ್ದು ತಗೋ, ಹಿಡಿ ನೀನೇ ಕಡಕೋ. ಅಲ್ಲಿ ಉಳಿದ ದುಡ್ಡನ್ನ ಉಕ್ಕಿಗೆ ಹಾಕು." ಬೈಸಿಕೊಂಡವರೂ ಅವನ ಮಾತು ಕೇಳಿಯೇ ಕೊಳ್ಳುತ್ತಿದ್ದರು. ಹೆಡ್ಲಿ ಒಪ್ಪಿದ ಉಳಿ ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಈ ಅಧಿಕಾರ ಅವನಿಗೆ ಪುಕ್ಕಟೆ ಬಂದದ್ದಲ್ಲ. ಹೊಳೆಯ ಬದಿಗೆ ಉಳಿಗಳನ್ನು ಮಾಡುವ ಒಂದು ಹಳೆಯ ಕಾರ್ಖಾನೆ ಇದೆ, ನಾವೆಲ್ಲ ಅದನ್ನು ಹೊಳೆಬದಿ ಎಂದೇ ಕರೆಯುವುದು. ಅಲ್ಲಿ ಹೆಡ್ಲಿ ಮೀಸೆ ಮೂಡುವ ಮೊದಲೇ ಸೇರಿದವನು, ತಲೆ ನೆರೆತ ಮೇಲೆ ಹೊರಬಂದವನು. ಕಡೆಯ ಬೆಂಚು ಅವನದು. ಒಂದು ಉಳಿ ಎಷ್ಟು ಜನರ ಕೈ ದಾಟಿ ಬಂದಿದ್ದರೂ ಅವನು ಒಪ್ಪದೆ ಹೊರಗೆ ಹೋಗುವಂತಿರಲಿಲ್ಲ. ಒಪ್ಪದ್ದನ್ನು ಪಕ್ಕದ ಕಬ್ಬಿಣದ ಪೀಪಾಯಿಗೆ ಎಸೆಯುತ್ತಿದ್ದ. ಆ ಢಣ್ ಸದ್ದು ಕೇಳಿದರೆ ಸಾಣೆಯವರು, ಕುಲುಮೆಯವರು ಎಲ್ಲ ತಲೆ ತಗ್ಗಿಸುತ್ತಿದ್ದರು. ಯಾಕೆ ಎಸೆದೆ ಎಂದು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಮಗಳು ಲೋರ್ನಾ ಶಾಲೆ ಬಿಟ್ಟು ಕುಲುಮೆ ಮನೆಗೆ ಸೇರಿ, ತಾನೇ ಕಾಯಿಸಿ ತಣಿಸಿ ಹದ ಹಿಡಿಸಿದ ಮೊದಲ ಉಳಿಗಳನ್ನು ತಟ್ಟೆಯಲ್ಲಿ ತಂದು ಅವನ ಮುಂದೆ ಇಟ್ಟಾಗಲೂ ಅಷ್ಟೇ. ಒಂದೊಂದಾಗಿ ಎಲ್ಲವೂ ಪೀಪಾಯಿಗೆ ಹೋದವು. ಹುಡುಗಿ ಅಳಲಿಲ್ಲ. ಈ ಕತೆ ನಡೆಯುವ ಹೊತ್ತಿಗೆ ಅವಳಿಗೂ ನರೆ ಇಣುಕಿತ್ತು, ಕುಲುಮೆ ಮನೆಗೆ ಅವಳೇ ಯಜಮಾನಿ. ಅಪ್ಪ ಮಗಳು ಭಾನುವಾರ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದರು, ಫುಟ್‌ಬಾಲು, ತೋಟದ ಬಟಾಣಿ, ಪಕ್ಕದ ಮನೆಯವರ ನಾಯಿ ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ಉಕ್ಕಿನ ಮಾತು ಮಾತ್ರ ಆಡುತ್ತಿರಲಿಲ್ಲ.

ಆ ವರ್ಷ ಹಡಗುಗಟ್ಟಲೆ ಅಗ್ಗದ ಉಳಿಗಳು ಹೊರದೇಶದಿಂದ ಬಂದಿಳಿದವು. ಹೊಳೆಬದಿಯ ಒಂದು ಉಳಿಯ ಬೆಲೆಗೆ ಅವು ಒಂದು ಕೈತುಂಬ ಬರುತ್ತಿದ್ದವು. ಕಾರ್ಖಾನೆಯನ್ನು ಕೊಂಡ ಹೊಸ ಧಣಿಗಳು ಪಾಶ್ಲಿ ಎಂಬ ಮ್ಯಾನೇಜರನನ್ನು ತಂದು ಕೂರಿಸಿದ್ದರು. ಕೆಟ್ಟವನೇನಲ್ಲ, ಆದರೆ ಮೀಟರು ತೋರಿಸಿದ್ದೇ ಸತ್ಯ ಎಂದು ನಂಬಿದ ಜಾತಿಯವನು. ಅವನೂ ಒಂದು ಉಪಾಯ ಹೂಡಿದ. ಅದೇ ಉಕ್ಕು, ಮೆರುಗು ಕಡಿಮೆ, ಹಿಡಿ ಇಲ್ಲ, ಬೆಲೆ ಅರ್ಧಕ್ಕಿಂತ ಕಡಿಮೆ. ಬಡವರ ಉಳಿ ಎಂದು ನಮ್ಮವರು ಅದಕ್ಕೆ ಹೆಸರಿಟ್ಟರು.

ಅದೇ ಹೊತ್ತಿಗೆ ನಮ್ಮ ಮರ ಕಡೆಯುವವರ ಸಂಘ ಹೊಸಬರಿಗೆ ಪಾಠ ಶುರುಮಾಡಲು ಹೊರಟಿತ್ತು. ಚಾಪೆಲ್ಲು ಎಂಬ ಪುಟ್ಟ ಚರ್ಚಿನ ಹಿಂದಿನ ಸಭಾಂಗಣ, ಸಂಘದ ಲೇತುಗಳು, ಎಲ್ಲರಿಗೂ ಒಂದೊಂದು ಉಳಿ. ಯಾವ ಉಳಿ ಎಂಬುದೇ ಪ್ರಶ್ನೆ. ಚಹಾ ಮಾರಿ, ಲಾಟರಿ ಚೀಟಿ ಮಾರಿ ಕೂಡಿಸಿದ ದುಡ್ಡಿನಲ್ಲಿ ದುಬಾರಿಯದು ಬರುವಂತಿರಲಿಲ್ಲ. ಹಡಗಿನ ಉಳಿಯೋ, ಹೊಳೆಬದಿಯ ಬಡವರ ಉಳಿಯೋ ಎಂದು ಸಂಘದಲ್ಲಿ ಎರಡು ಪಕ್ಷವಾಯಿತು. ಊರಿನ ಉಕ್ಕು ಬಿಟ್ಟು ಹೊರಗಿನದನ್ನು ತರುವುದು ಹೆತ್ತ ತಾಯಿಗೆ ಮಾಡುವ ದ್ರೋಹ ಎಂದು ಕೆಲವರು ಎದೆ ತಟ್ಟಿಕೊಂಡರು. ಹಾಗೆ ತಟ್ಟಿಕೊಂಡವರ ಶೆಡ್ಡಿನಲ್ಲೇ ಹಡಗಿನ ಉಳಿಗಳು ಬಚ್ಚಿಟ್ಟುಕೊಂಡಿದ್ದವು, ಅದು ಬೇರೆ ಮಾತು. ಅಧ್ಯಕ್ಷೆ ಮೇವಿಸ್, ವರ್ಷಗಟ್ಟಲೆ ಗುಡ್ಡದ ಬಸ್ಸು ಓಡಿಸಿ ಜನರನ್ನು ಗದರಿಸಿ ಅಭ್ಯಾಸವಾದವಳು, ಜಗಳಕ್ಕೆ ಬ್ರೇಕು ಹಾಕಿದಳು.

"ಎಲ್ಲಾ ಬಾಯ್ಮುಚ್ಕೊಳ್ಳಿ. ಮೂರು ಉಳಿ ತರೋಣ, ಹಡಗಿಂದು ಎರಡು, ಹೊಳೆಬದಿದು ಒಂದು. ಒಂದೇ ಥರ ಹಿಡಿ ಹಾಕಿಸ್ತೀನಿ, ಹೆಸರು ಕಾಣದ ಹಾಗೆ ಟೇಪು ಸುತ್ತುತೀನಿ. ಹೆಡ್ಲಿ ಕಡೀಲಿ. ಅವನು ಯಾವುದು ಅಂತಾನೋ ಅದು."

ಎಲ್ಲರೂ ಒಪ್ಪಿದರು. ಸುತ್ತಮುತ್ತಲ ಊರಿನ ಸಂಘಗಳೂ ಏನಾಗುತ್ತದೋ ನೋಡೋಣ ಎಂದು ಕಿವಿ ನಿಮಿರಿಸಿ ಕೂತವು. ಹೆಡ್ಲಿಯೂ ನಕ್ಕು ಒಪ್ಪಿದ. ಶನಿವಾರದವರೆಗೂ ಅವನಿಗೆ ಅದೊಂದು ಆಟವಾಗಿತ್ತು.

ಶನಿವಾರ ಮೀನು-ಚಿಪ್ಸಿನ ಅಂಗಡಿಯ ಸಾಲಿನಲ್ಲಿ ಪಾಶ್ಲಿ ಅವನ ಹಿಂದೆ ನಿಂತಿದ್ದ. ಮೊದಲು ಹವಾಮಾನದ ಮಾತು ಆಡಿದ. ಆಮೇಲೆ ದನಿ ತಗ್ಗಿಸಿ, "ಹೆಡ್ಲಿ, ನಿಮ್ಮ ಹತ್ರ ಮುಚ್ಚಿಡೋದೇನಿದೆ. ಈ ಹೊಸ ಉಳಿ ಓಡದೇ ಹೋದ್ರೆ ಧಣಿಗಳು ಮೊದಲು ಬಾಗಿಲು ಹಾಕೋದು ಕುಲುಮೆ ಮನೇನೇ. ಹದ ಹಾಕೋ ಕೆಲಸ ಹೊರಗೆ ಕೊಡ್ತಾರಂತೆ" ಅಂದ.

"ನನಗ್ಯಾಕೆ ಹೇಳ್ತೀರಿ ಇದನ್ನ?" ಅಂದ ಹೆಡ್ಲಿ.

"ಸುಮ್ನೆ. ಗೊತ್ತಿರಲಿ ಅಂತ."

ಮನೆಗೆ ಬಂದವನು ಮೀನಿನ ಪೊಟ್ಟಣವನ್ನು ಬಿಚ್ಚದೆ ಮೇಜಿನ ಮೇಲಿಟ್ಟು ಕೂತ. ಕುಲುಮೆ ಮನೆ ಮುಚ್ಚಿದರೆ ಲೋರ್ನಾ ಬೀದಿಗೆ ಬಂದಂತೆ. ಗಂಡನಿಲ್ಲ, ಮನೆಯ ಸಾಲ ಇದೆ, ಈ ವಯಸ್ಸಿನಲ್ಲಿ ಬೆಂಕಿಯ ಬಣ್ಣ ನೋಡಿ ಉಕ್ಕಿನ ಹದ ಹೇಳುವವಳನ್ನು ಯಾವ ಆಫೀಸು ಕರೆದು ಕೂರಿಸುತ್ತದೆ. ಆದರೂ ಅವನು ತನಗೆ ತಾನೇ ಹೇಳಿಕೊಂಡ, ಹೊಳೆಬದಿಯ ಉಳಿ ಯಾವಾಗ ಸೋತಿದೆ? ಸೋಲುವುದಿಲ್ಲ. ಯೋಚನೆ ಯಾಕೆ.

ಪರೀಕ್ಷೆಯ ದಿನ ಸಂಜೆ ಅವನನ್ನು ಕಾರಿನಲ್ಲಿ ಕರೆದುಕೊಂಡು ಹೋಗಲು ಲೋರ್ನಾ ಬಂದಳು. ಸಂಘದವಳಲ್ಲ ಅವಳು, ಎಂದೂ ಬಂದವಳಲ್ಲ. ಗೇರು ಬದಲಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ, "ಅಪ್ಪ, ಇವತ್ತು ನಿನ್ನ ಕೈ ಏನು ಹೇಳುತ್ತೋ ಅದನ್ನೇ ಹೇಳು" ಅಂದಳು.

"ಬೇರೆ ಇನ್ನೇನು ಹೇಳ್ತೀನಿ?"

"ಏನೂ ಇಲ್ಲ. ಹಾಗೇ ಹೇಳ್ದೆ."

ಅವಳ ದನಿಯಲ್ಲಿ ಏನೋ ಬಿಗಿಯಿತ್ತು. ಪಾಪ, ಕೆಲಸದ ಭಯ ಎಂದುಕೊಂಡ ಹೆಡ್ಲಿ. ಕೇಳಬಹುದಾಗಿತ್ತು. ಕೇಳಲಿಲ್ಲ.

ಸಭಾಂಗಣ ತುಂಬಿತ್ತು. ಇದ್ದಬದ್ದ ಮಡಿಸುವ ಕುರ್ಚಿಗಳೆಲ್ಲ ಹೊರಬಿದ್ದಿದ್ದವು. ಮೂಲೆಯಲ್ಲಿ ಚಹಾದ ಹಂಡೆ ಗೊಣಗುತ್ತಿತ್ತು, ಪಕ್ಕದಲ್ಲಿ ಯಾರೋ ಮಾಡಿತಂದ ಶುಂಠಿ ಕೇಕು. ಪಾಶ್ಲಿ ಮುಂದಿನ ಸಾಲಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದ, ಅಲ್ಲಿ ಟೈ ಕಟ್ಟಿದವನು ಅವನೊಬ್ಬನೇ. ಲೋರ್ನಾ ಹಿಂದಿನ ಸಾಲಿಗೆ ಹೋಗಿ ಕೋಟು ಬಿಚ್ಚದೆ ಕೂತಳು.

ಮೇಜಿನ ಮೇಲೆ ಮೂರು ಉಳಿ. ಹಿಡಿಗಳನ್ನು ಸಂಘದ ವಿದೂಷಕ ಸಿರಿಲ್ ಕಡೆದಿದ್ದ, ಮೂರೂ ಒಂದೇ ಅಚ್ಚಿನವು. ಕತ್ತಿನವರೆಗೂ ಕಪ್ಪು ಟೇಪು, ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು.

"ಬೇಕಾದ್ರೆ ಅವನ ಕಣ್ಣಿಗೂ ಟೇಪು ಸುತ್ತು ಮೇವಿಸ್" ಅಂದ ಸಿರಿಲ್. "ಆಲಿವ್ ಬಾಗಿಲಲ್ಲಿ ಬಂದು ನಿಂತ್ರೆ ಕಾಣಬಾರದು ನೋಡು, ಕಂಡ್ರೆ ಉಳಿ ಬಿಟ್ಟು ಓಡ್ತಾನೆ."

ಹೆಡ್ಲಿಯ ಹೆಂಡತಿ ಆಲಿವಳಿಗೆ ಅವನನ್ನು ಹೆದರಿಸುವ ಶಕ್ತಿ ಇದೆ ಎಂಬುದು ಹಳೆಯ ತಮಾಷೆ. ಜನ ನಕ್ಕರು. ಹೆಡ್ಲಿ ಮೂರನ್ನೂ ಒಂದೇ ಸಾಣೆಯಲ್ಲಿ, ಒಂದೇ ಓರೆಯಲ್ಲಿ ಮಸೆಯಲು ನಿಂತ. ಮೂರನೆಯದನ್ನು ಎತ್ತಿಕೊಂಡಾಗ ಹೆಬ್ಬೆರಳು ತಾನಾಗಿ ಹಳ್ಳದೊಳಗೆ ಇಳಿಯಿತು. ಹಳ್ಳದ ತಳ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಹೊಳೆಬದಿಯ ಹಳೆಯ ಯಂತ್ರ ಎಂದಿನಿಂದಲೂ ಹಾಗೇ ತೋಡುವುದು. ಹೆಸರೇ ಓದದ ಮನುಷ್ಯನಿಂದ ಹೆಸರು ಮುಚ್ಚಿಟ್ಟು ಏನು ಬಂತು? ಇಡೀ ಸಭೆಯಲ್ಲಿ ಅದನ್ನು ಒಬ್ಬರೂ ಯೋಚಿಸಿರಲಿಲ್ಲ. ನನಗೆ ಗೊತ್ತಾಯಿತು, ಬೇರೆಯವರು ಕಡೆಯಲಿ ಎಂದು ಆಗಲೇ ಹೇಳಿ ಉಳಿಯನ್ನು ಕೆಳಗಿಡಬಹುದಾಗಿತ್ತು. ಅವನು ಮಸೆಯುತ್ತಲೇ ಇದ್ದ.

ಒಣಗಿ ಕಲ್ಲಾದ ಎಲ್ಮ್ ಮರದ ಬಿಲ್ಲೆ ಲೇತಿಗೆ ಏರಿತು. ಒಂದನೆಯ ಉಳಿ. ಮರ ಗಿರ್ರೆಂದು ತಿರುಗಿತು, ಉಳಿ ಮುಟ್ಟಿತು, ಸುರುಳಿ ಸುರುಳಿಯಾಗಿ ಸಿಪ್ಪೆ ಅವನ ತೋಳಿನ ಮೇಲೆ ಹಾದು ನೆಲಕ್ಕೆ ಬಿತ್ತು. ಹೆಡ್ಲಿಯ ಹುಬ್ಬು ಮೇಲೇರಿತು. ಮತ್ತೆ ಮತ್ತೆ ಒಳಗೆ ಇಳಿಸಿದ, ಬಾಯಿ ಮೊಂಡಾಗಲಿಲ್ಲ. ಹಡಗಿನ ಮಾಲು, ಆದರೆ ಒಳ್ಳೆಯ ಮಾಲು. ಎರಡನೆಯದು ಎರಡೇ ಎಳೆತಕ್ಕೆ ಬಾಯಿ ಮುರಿದುಕೊಂಡಿತು. ಅಂಚಿನಿಂದ ಚೂರು ಹಾರಿ ಅವನ ಮುಖದ ಗುರಾಣಿಗೆ ಟಕ್ಕೆಂದು ಬಡಿಯಿತು. "ಇದು ಚಮಚಕ್ಕೂ ಲಾಯಕ್ಕಿಲ್ಲ" ಅಂದ, ಜನ ಮತ್ತೆ ನಕ್ಕರು. ಅವನು ನಗಲಿಲ್ಲ.

ಮೂರನೆಯದನ್ನು ಹಿಡಿಯುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮೊದಲ ಎಳೆತ ಬೆಣ್ಣೆ. ಅಂಥ ಸಿಪ್ಪೆ ಆ ಸಂಜೆ ಬಂದಿರಲಿಲ್ಲ, ಒಂದೇ ರಿಬ್ಬನ್ನು ಬಟ್ಟಲಿನ ಅಂಚಿನಿಂದ ತಳದವರೆಗೆ. ಮುಂದಿನ ಸಾಲಿನಲ್ಲಿ ಯಾರೋ ಉಸ್ಸೆಂದರು. ಬದುಕಿದೆ ಅಂದುಕೊಂಡ ಹೆಡ್ಲಿ. ಎರಡನೆಯ ಎಳೆತವೂ ಚೆನ್ನಾಗಿತ್ತು. ಮೂರನೆಯದರ ನಡುವೆ ದನಿ ಬದಲಾಯಿತು.

ಕುರ್ಚಿಯಲ್ಲಿ ಕೂತವರಿಗೆ ಅದು ಕೇಳಿಸುವಂಥದ್ದಲ್ಲ. ಸರ್ರೆನ್ನುತ್ತಿದ್ದ ದನಿಯ ಅಡಿಯಲ್ಲಿ ಸಣ್ಣಗೆ ಒಂದು ಕರಕರ ಸೇರಿಕೊಂಡಿತು, ಅಷ್ಟೇ. ಹಿಡಿಯಲ್ಲಿ ನವೆಯಂತೆ ಒಂದು ನಡುಕ ಬಂತು. ಇನ್ನು ಒಂದೆರಡು ಎಳೆತಕ್ಕೆ ಸಿಪ್ಪೆ ನಿಂತು ಧೂಳು ಬೀಳುತ್ತದೆ, ಆಗ ಮಕ್ಕಳಿಗೂ ಗೊತ್ತಾಗುತ್ತದೆ. ಉಕ್ಕಿಗೆ ಹದ ಹತ್ತಿಲ್ಲ, ಮೆತ್ತಗಿದೆ. ಹೊಸಬರ ಕೈಗೆ ಇಂಥದ್ದು ಸಿಕ್ಕಿದರೆ ಮೊಂಡಾಯಿತೆಂದು ತಿಳಿಯದೆ ಅದುಮುತ್ತಾರೆ, ಅದುಮಿದರೆ ಮರ ಕಚ್ಚಿಕೊಳ್ಳುತ್ತದೆ, ಬಟ್ಟಲು ಮುಖಕ್ಕೆ ಹಾರುತ್ತದೆ. ಇದೆಲ್ಲ ಅವನಿಗೆ ಹೊಸದಲ್ಲ. ಹದ ಹಾಕಿದ್ದು ಯಾರು ಎಂಬುದೂ ಹೊಸದಲ್ಲ. ಅವಳು ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದಾಳೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಡ್ಲಿ ಆ ಮಾತಿಗೆ ಜೀವಮಾನವೆಲ್ಲ ಸೊಪ್ಪು ಹಾಕಿದವನಲ್ಲ, ತನ್ನ ಹೆಗ್ಗಣವನ್ನು ಎಲ್ಲರ ಮುಂದೆ ಪೀಪಾಯಿಗೆ ಎಸೆದವನು. ಅವನು ಉಳಿಯನ್ನು ಹಿಂದಕ್ಕೆ ತೆಗೆದು ಲೇತು ನಿಲ್ಲಿಸಿಬಿಟ್ಟ. ಎಂಥ ಜಾಣತನದ ಜಾಗದಲ್ಲಿ ನಿಲ್ಲಿಸಿದನೆಂದರೆ, ಬಟ್ಟಲಿನ ಮೈ ಇನ್ನೂ ರೇಷ್ಮೆಯಂತಿತ್ತು.

"ಮೂರು" ಅಂದ.

ಮೇವಿಸ್ ಟೇಪು ಬಿಚ್ಚಿದಳು. ಹೊಳೆಬದಿ ಎಂದು ಕಂಡಾಗ ಕುರ್ಚಿಗಳು ಸದ್ದು ಮಾಡಿದವು, ಚಪ್ಪಾಳೆ ಬಿತ್ತು, ಎದೆ ತಟ್ಟಿಕೊಂಡಿದ್ದವರು ಈಗ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ಪಾಶ್ಲಿ ಎದ್ದು ಬಂದು ಹೆಡ್ಲಿಯ ಕೈ ಕುಲುಕಿದ. "ನಮ್ಮಲ್ಲೇ ಒಬ್ಬರಿಗೆ ಅನುಮಾನ ಇತ್ತು" ಅಂದ, ಎಲ್ಲರಿಗೂ ಕೇಳುವ ಹಾಗೆ. "ಇನ್ನು ಇರಲ್ಲ ಅನ್ಕೋತೀನಿ."

ಆ ಮಾತು ಯಾಕೆ ಎಂದು ಹೆಡ್ಲಿಗೆ ಹೊಳೆಯಲಿಲ್ಲ. ಹಿಂದಿನ ಸಾಲು ನೋಡಿದ. ಲೋರ್ನಾಳ ಕುರ್ಚಿ ಖಾಲಿಯಿತ್ತು.

ಅವಳು ಬಾಗಿಲ ಹೊರಗಿನ ಮೆಟ್ಟಿಲ ಬಳಿ ನಿಂತಿದ್ದಳು. ಕೆಳಗೆ ಊರಿನ ದೀಪಗಳು ಹತ್ತಿಕೊಳ್ಳುತ್ತಿದ್ದವು. ಅವನು ಹತ್ತಿರ ಬಂದರೂ ತಿರುಗಲಿಲ್ಲ.

"ಕೇಳಿಸ್ತಾ ಅಪ್ಪ?"

"ಏನು?"

"ನನ್ನ ಹತ್ರ ನಾಟಕ ಬೇಡ. ಮಧ್ಯದಲ್ಲಿ ದನಿ ಕೆಟ್ಟಿತಲ್ಲ. ಹಿಂದೆ ಕೂತಿದ್ದ ನನಗೇ ಕೇಳಿಸ್ತು, ನಿನಗೆ ಕೇಳಿಸ್ಲಿಲ್ವಾ?"

ಹೆಡ್ಲಿ ಕೆಳಗಿನ ದೀಪಗಳ ಕಡೆ ನೋಡುತ್ತ, "ಕೇಳಿಸ್ತು" ಅಂದ.

"ಮತ್ತೆ?"

"ನಿನಗೋಸ್ಕರ ಪುಟ್ಟಿ. ಆ ಉಳಿ ಸೋತ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಪಾಶ್ಲಿ ಹೇಳ್ದ. ನಾನೇನು ಕೈಕಟ್ಕೊಂಡು ನೋಡ್ಲಾ?"

ಲೋರ್ನಾ ನಕ್ಕಳು. ಕೇಳಲು ಚೆನ್ನಾಗಿರುವ ನಗುವಲ್ಲ. "ಬೇಸಗೆಯಿಂದ ಬಡ್ಕೋತಾ ಇದೀನಿ ಅಪ್ಪ, ಕುಲುಮೆ ಮೀಟರು ಸುಳ್ಳು ಹೇಳ್ತಿದೆ ಅಂತ. ಅದು ತೋರಿಸೋವಷ್ಟು ಬಿಸಿ ಒಳಗಿಲ್ಲ, ಬಣ್ಣ ನೋಡಿದ್ರೇ ಗೊತ್ತಾಗುತ್ತೆ. ಮೀಟರು ಸರಿ ಇದೆ, ನಿನ್ನ ಕಣ್ಣು ಸರಿ ಇಲ್ಲ ಅಂತಾನೆ ಆ ಮಹಾರಾಯ. ಕೊನೆಗೆ ನಾನೇ ಹೇಳ್ದೆ, ಸಂಘದ ಪರೀಕ್ಷೆಗೆ ಈ ಮಾಲಲ್ಲಿ ನಿಮಗೆ ಬೇಕಾದ ಒಂದನ್ನ ನೀವೇ ಎತ್ಕೊಡಿ, ನಮ್ಮಪ್ಪ ನೋಡ್ಲಿ. ಅವನು ಒಪ್ಪಿದ್ರೆ ನಾನು ಇನ್ನು ಸೊಲ್ಲೆತ್ತಲ್ಲ. ಒಪ್ಪದಿದ್ರೆ ಕುಲುಮೆ ಆರಿಸಿ, ಮೀಟರು ಬಿಚ್ಚಿಸಿ. ಸರಿ ಅಂದ. ನಿನಗೆ ಮುಂಚೆ ಹೇಳಬಾರದು ಅಂತ ಮಾತು ತಗೊಂಡ. ನಾನೂ ಕೊಟ್ಟೆ. ನೀನು ಯಾರ ಮುಖಾನೂ ನೋಡೋನಲ್ಲ ಅಂತ ಧೈರ್ಯವಾಗಿ ಕೊಟ್ಟೆ."

ಹೆಡ್ಲಿ ತಿರುಗಿ ಬಾಗಿಲ ಕಡೆ ನೋಡಿದ. ಲೋರ್ನಾ ನಿಲ್ಲಿಸಲಿಲ್ಲ.

"ಶುಕ್ರವಾರ ಲಾರಿ ಹೊರಡುತ್ತೆ. ಎಲ್ಲಾ ಇದೇ ಮೆತ್ತನೆ ಮಾಲು. ವಾಪಸ್ ಬಂದಾಗ ಹದ ಹಾಕಿದ್ದು ಯಾರು ಅಂತ ಕೇಳ್ತಾರೆ. ನನ್ನ ಹೆಸರು ಹೇಳ್ತಾರೆ. ನಾನು ಮೊದಲೇ ಹೇಳಿದ್ದೆ ಅಂದ್ರೆ, ನಿಮ್ಮಪ್ಪನೇ ಒಪ್ಪಿದಾನಲ್ಲಮ್ಮ ಅಂತಾರೆ." ಅವಳು ಈಗ ಅವನ ಕಡೆ ತಿರುಗಿದಳು. "ಅದೂ ಹೋಗ್ಲಿ. ದನಿ ಕೆಟ್ಟಾಗ ನಿನಗೆ ಏನನ್ನಿಸ್ತು? ನಾನೇ ಕೆಡಿಸಿದೀನಿ ಅಂತ ತಾನೆ?"

ಅಲ್ಲ ಅನ್ನುವುದು ಸುಲಭವಾಗಿತ್ತು. ಆ ಸಂಜೆ ಆಗಲೇ ಒಂದು ಸುಳ್ಳು ಹೇಳಿದ್ದಾಗಿತ್ತು. ಕುಲುಮೆ ಕೆಟ್ಟಿರಬಹುದು, ಮೀಟರು ಕೆಟ್ಟಿರಬಹುದು, ಉಕ್ಕೇ ಕೆಟ್ಟದ್ದಿರಬಹುದು, ಇದ್ಯಾವುದೂ ಅವನ ತಲೆಗೆ ಬಂದಿರಲಿಲ್ಲ. ಮಗಳು ಕೆಡಿಸಿದ್ದಾಳೆ, ಮುಚ್ಚಬೇಕು ಎಂಬುದೊಂದೇ ಬಂದಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತ. ಅವಳಿಗೆ ಅಷ್ಟು ಸಾಕಿತ್ತು.

"ಕಾರಲ್ಲಿರ್ತೀನಿ" ಅಂದಳು.

ಹೆಡ್ಲಿ ಬಾಗಿಲ ಬಳಿ ನಿಂತ. ಒಳಗೆ ಲಾಟರಿ ಚೀಟಿ ಎತ್ತುವ ಸಡಗರ. ಪಾಶ್ಲಿ ಮೇವಿಸಳ ಪಕ್ಕ ಕೂತು ಎಷ್ಟು ಉಳಿ, ಯಾವಾಗ ಬೇಕು ಎಂದು ಮಾತಾಡುತ್ತಿದ್ದ. ಈಗ ಒಳಗೆ ಹೋಗಿ ಬಾಯಿ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಗುಡ್ಡದ ಮೇಲೆ ಅವನಿಗಿದ್ದದ್ದು ಮನೆಯಲ್ಲ, ದುಡ್ಡಲ್ಲ, ಆ ಒಂದು ಹೆಸರು. ಬಾಯಿ ಬಿಡದಿದ್ದರೆ ಹೆಸರು ಉಳಿಯುತ್ತದೆ, ಶುಕ್ರವಾರದ ಲಾರಿ ಹೊರಡುತ್ತದೆ. ಕಾಲು ಒಳಗೂ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಚಹಾ ಹಿಡಿದು ಬಂದವರೊಬ್ಬರು "ದಾರಿ ಬಿಡಪ್ಪ, ಗೆದ್ದೋನೇ" ಅಂದರು. ಆ ಮಾತು ಅವನನ್ನು ಒಳಗೆ ತಳ್ಳಿತು.

ನೇರ ಹೋಗಿ ಮೂರನೆಯ ಉಳಿ ಎತ್ತಿಕೊಂಡ, ಮಸೆಯಲಿಲ್ಲ, ಲೇತು ಹಾಕಿದ. ಮೋಟಾರಿನ ಸದ್ದಿಗೆ ಜನ ತಿರುಗಿದರು. ಬಿಟ್ಟಲ್ಲಿಂದಲೇ ಮುಂದುವರಿಸಿದ. ಒಂದು ಎಳೆತಕ್ಕೆ ಸಿಪ್ಪೆ ತುಂಡಾಯಿತು. ಇನ್ನೊಂದಕ್ಕೆ ಧೂಳು. ಮತ್ತೊಂದಕ್ಕೆ ಉಳಿ ಕೂಗತೊಡಗಿತು, ಕರ್ರೆಂಬ ಆ ದನಿ ಈಗ ಚಹಾದ ಹಂಡೆಯ ಬಳಿ ನಿಂತವರ ಹಲ್ಲಿಗೂ ತಾಗಿತು. ಹೆಡ್ಲಿ ಲೇತು ನಿಲ್ಲಿಸಿ, ಬಟ್ಟಲನ್ನು ಬಿಚ್ಚಿ, ಹರಿದು ಎದ್ದ ಮರದ ಮೈಯನ್ನು ಎಲ್ಲರಿಗೂ ಕಾಣುವಂತೆ ಹಿಡಿದ.

"ಇದು ಮೆತ್ತನೆ ಉಳಿ" ಅಂದ. "ಹದ ಹತ್ತಿಲ್ಲ. ಮೊದಲೇ ನನಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು ಅಂದ್ರೆ?" ಮೇವಿಸ್ ಕೇಳಿದಳು.

"ಧೂಳು ಬೀಳೋಕೆ ಮುಂಚೆ ನಿಲ್ಲಿಸ್ದೆ. ಯಾರ ಉಳಿ ಅಂತಾನೂ ಗೊತ್ತಿತ್ತು, ಟೇಪು ಸುತ್ತಿದ್ರೂ. ನಾನು ಸುಳ್ಳು ಹೇಳ್ದೆ."

ಸಿರಿಲ್ ಕೈಯಲ್ಲಿದ್ದ ಲಾಟರಿ ಚೀಟಿಗಳನ್ನು ಮೇಜಿನ ಮೇಲಿಟ್ಟ. 

"ಯಾಕೆ ಹೆಡ್ಲಿ?" ಮೇವಿಸಳ ದನಿಯಲ್ಲಿ ಗದರಿಕೆ ಇರಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಹದ ಹಾಕಿದ್ದು ನನ್ನ ಮಗಳು. ಅವಳು ಕೆಡಿಸಿದಾಳೆ ಅನ್ಕೊಂಡೆ. ಅವಳು ಕೆಡಿಸಿಲ್ಲ." ಅವನು ಪಾಶ್ಲಿಯ ಕಡೆ ನೋಡಿದ. "ಮೀಟರು ಕೆಟ್ಟಿದೆ ಅಂತ ಅವಳು ಬೇಸಗೆಯಿಂದ ನಿಮಗೆ ಹೇಳ್ತಾ ಇದ್ದಾಳೆ. ನಿಮಗೆ ನನ್ನ ಕೈ ಬೇಕಿತ್ತಲ್ಲ, ತಗೊಳ್ಳಿ. ನಾನು ಇದನ್ನ ಒಪ್ಪಲ್ಲ."

ಪಾಶ್ಲಿಯ ಮುಖ ಕೆಂಪಾಯಿತು. "ಇದೇನು ಮಕ್ಕಳಾಟವೇ? ಒಂದು ಗಳಿಗೆ ಹಿಂದೆ ಇದೇ ಉಳಿ ಒಪ್ಪಿದೋರು ನೀವೇ. ಈಗ ಹೇಳೋದನ್ನ ಯಾಕೆ ನಂಬ್ಲಿ?"

"ನನ್ನ ನಂಬಬೇಡಿ" ಅಂದ ಹೆಡ್ಲಿ. ಉಳಿಯನ್ನು ಮುಂದೆ ಚಾಚಿದ. "ನೀವೇ ಕಡೀರಿ."

ಪಾಶ್ಲಿ ಕಡೆಯಲಿಲ್ಲ, ಅವನಿಗೆ ಬರುತ್ತಿರಲಿಲ್ಲ. ಮೇವಿಸ್ ಎದ್ದು ಬಂದು ಉಳಿ ತೆಗೆದುಕೊಂಡಳು. ಸಾಣೆಗೆ ಹೊಸದಾಗಿ ಹಿಡಿದು, ಬಟ್ಟಲನ್ನು ಮತ್ತೆ ಏರಿಸಿ ತಾನೇ ಕಡೆದಳು. ಬೆಣ್ಣೆ, ಬೆಣ್ಣೆ, ಆಮೇಲೆ ಅದೇ ಕರಕರ. ಒಂದನೆಯ ಉಳಿಯಲ್ಲೂ ಕಡೆದು ನೋಡಿದಳು. ಒಂದನೆಯದನ್ನು ಮೇಜಿನ ಮಧ್ಯಕ್ಕೆ ಸರಿಸಿದಳು. ಹೊಸಬರ ಪಾಠಕ್ಕೆ ಹಡಗಿನ ಉಳಿ ಎಂದು ಹಾಗೆ ತೀರ್ಮಾನವಾಯಿತು, ಎದೆ ತಟ್ಟಿಕೊಳ್ಳಲು ಯಾರೂ ಇರಲಿಲ್ಲ. ಪಾಶ್ಲಿ ಮೂರನೆಯ ಉಳಿಯ ಬಾಯಿಯ ಮೇಲೆ ಉಗುರು ಆಡಿಸಿ ನೋಡುತ್ತ ಬಹಳ ಹೊತ್ತು ನಿಂತಿದ್ದ. ಆಮೇಲೆ, ಯಾರ ಮುಖವನ್ನೂ ನೋಡದೆ, "ನಾಳೆ ಕುಲುಮೆ ಆರಿಸಿ ಮೀಟರು ಬಿಚ್ಚಿಸ್ತೀನಿ. ಲಾರಿ ನಿಲ್ಲಲಿ" ಅಂದ.

ಹೆಡ್ಲಿ ಕೋಟು ಹಾಕಿಕೊಂಡ. ಯಾವಾಗಲೂ ಹೋಗುವಾಗ ಅವನ ಸುತ್ತ ನಾಲ್ಕು ಜನ, ಹೆಡ್ಲಿ ಇದನ್ನು ನೋಡು, ಹೆಡ್ಲಿ ಅದನ್ನು ನೋಡು. ಅವತ್ತು ಜನ ದಾರಿ ಬಿಟ್ಟರು. ಯಾರೂ ಕೆಟ್ಟದಾಗಿ ಆಡಲಿಲ್ಲ. ಹೊಸ ಉಳಿ ತೋರಿಸಬೇಕೆಂದು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ ಒಬ್ಬರು ಚೀಲವನ್ನು ಕಾಲ ಹಿಂದೆ ಸರಿಸಿಕೊಂಡದ್ದನ್ನು ಅವನು ನೋಡಿದ. ಅಷ್ಟು ಅವಮಾನ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಹೆಡ್ಲಿ ಕಾರು ಹತ್ತಿ ಕೂತ. ಲೋರ್ನಾಳಿಗೆ ಒಳಗಿನದು ಕೇಳಿಸಿತ್ತೋ ಇಲ್ಲವೋ ಅವನಿಗೆ ತಿಳಿಯದು. ಕಾರಿನ ಕಿಟಕಿ ಇಳಿಸಿತ್ತು, ಸಭಾಂಗಣದ ಬಾಗಿಲು ತೆರೆದೇ ಇತ್ತು. ಮನೆಯ ಮುಂದೆ ಅವಳು ಕಾರು ನಿಲ್ಲಿಸಿದಳು, ಎಂಜಿನ್ನು ಆರಿಸಲಿಲ್ಲ. ಅವನು ಬಾಗಿಲ ಹಿಡಿಗೆ ಕೈ ಹಾಕಿದ, ತೆರೆಯಲಿಲ್ಲ. ಕ್ಷಮಿಸು ಅನ್ನಬೇಕೆಂದುಕೊಂಡ. ಅದು ಸಾಲದು ಅನ್ನಿಸಿತು. ಅಂಥ ಮಾತನ್ನು ಯಾರಿಗೆ ಬೇಕಾದರೂ ಹೇಳಬಹುದು.

"ಲೋರ್ನಾ" ಅಂದ. "ಬಣ್ಣ ನೋಡಿದ್ರೆ ಗೊತ್ತಾಗುತ್ತೆ ಅಂದ್ಯಲ್ಲ. ಯಾವ ಬಣ್ಣ ಬರಬೇಕು, ಈಗ ಯಾವ ಬಣ್ಣ ಬರ್ತಿದೆ?"

ಅವಳು ಅವನ ಮುಖ ನೋಡಿದಳು, ತಮಾಷೆಯೋ ಪರೀಕ್ಷೆಯೋ ಎಂದು ಹುಡುಕುವವಳ ಹಾಗೆ. ಅವನು ಕಾಯುತ್ತಿದ್ದ. ಉಕ್ಕಿನ ಬಗ್ಗೆ ಮಗಳನ್ನು ಅವನು ಪ್ರಶ್ನೆ ಕೇಳಿದ್ದು ಅದೇ ಮೊದಲು, ಉತ್ತರ ಗೊತ್ತಿಲ್ಲದೆ ಕೇಳಿದ್ದು.

ಲೋರ್ನಾ ಕೈ ಚಾಚಿ ಎಂಜಿನ್ನು ಆರಿಸಿದಳು. "ನಿಂಬೆಹಣ್ಣಿನ ಸಿಪ್ಪೆ ನೋಡಿದೀಯಲ್ಲ, ಚೆನ್ನಾಗಿ ಹಣ್ಣಾಗಿರೋದು" ಅಂದಳು. "ಅದಕ್ಕಿಂತ ಒಂಚೂರು ಬಿಳುಪಿಗೆ ತಿರುಗಬೇಕು ಅಪ್ಪ..."

ಕಿಟಕಿಯ ಪರದೆ ಸರಿಸಿ ಆಲಿವ್ ಹೊರಗೆ ಇಣುಕಿದಳು. ಇವರು ಕಾರಿನಿಂದ ಇಳಿಯದಿರುವುದನ್ನು ನೋಡಿ, ಊಟ ಆರದಿರಲೆಂದು ಮತ್ತೆ ಓವನ್ನಿನೊಳಗೆ ಇಟ್ಟಳು.